ದಮ್ಮಿನ ದಿನಾಚರಣಿ

ನಮ್ಮ ಅಮ್ಮಿಗೆ ಎಲ್ಲಾ ಡಾಕ್ಟರೂ ಒಂದ ಮಾತು ಹೇಳ್ಯಾರ. ಧೂಳಾಗ ಕುಂದರಬ್ಯಾಡ್ರಿ.

ಎಂಥಾ ಶಾಣ್ಯಾ ಮಾತು ನೋಡ್ರಿ. ನಮ್ಮ ಅಮ್ಮಿ ಶಮೀಮಾಬಿ ಜಮಖಾನಿ ನೇಯತಾಳ. ನಮ್ಮ ಮನಿ ಅಂದ್ರ ಒಂದ ಖೋಲಿ, ಅದರಾಗ ಅರ್ಧಾ ಮಗ್ಗ. ಮಗ್ಗ ಗ್ವಾಡಿಗೆ ಆತಗೊಂಡು ಆಳೆತ್ತರ ನಿಂತೈತಿ. ಹತ್ತಿ ನೂಲು ಎಳಿ ಎಳಿ ಒಳಗ ಹಾಸಬೇಕು, ಆಮ್ಯಾಲ ಪಂಜಾ ತಗೊಂಡು ಬಡೀಬೇಕು. ಪಂಜಾ ಅಂದ್ರ ಕಬ್ಬಿಣದ ಹಣಗಿ. ದಿನಾ ಎತ್ತಿ ಎತ್ತಿ ಅಮ್ಮಿ ಬಲರಟ್ಟಿ ಗಂಡಸರ ರಟ್ಟಿ ಆಗೇತಿ. ಬಡದಾಗೊಮ್ಮೆ ಹತ್ತಿ ಧೂಳು ಏಳತೈತಿ. ರೊಟ್ಟಿ ಮ್ಯಾಲ ಕುಂದರತೈತಿ, ಚಾದಾಗ ಬೀಳತೈತಿ, ನನ್ನ ಕೂದಲಾಗ ಸೇರಿ ನನ್ನ ಡಿಗ್ರಿ ಮುಗಿಯೂದರೊಳಗ ಮುದುಕಿ ಮಾಡತೈತಿ. ಅಮ್ಮಿ ಎದ್ಯಾಗಂತೂ ಹೋಗಿ ಮನೀನ ಮಾಡೇತಿ. ಬಾಡಿಗಿ ಇಲ್ಲ, ಬಿಡೂ ಮಾತೂ ಇಲ್ಲ.

"ಬೇರೆ ಕೆಲಸ ನೋಡ್ಕೊಳ್ಳಮ್ಮ," ಅಂದಿದ್ದ ಒಬ್ಬ ಡಾಕ್ಟರು. ಆ ಕಡೆ ದಕ್ಷಿಣದಾಂವ.

"ನೋಡೀನ್ರಿ ಸಾಹೇಬ್ರ. ಈ ದವಾಖಾನ್ಯಾಗ ಡಾಕ್ಟರ್ ಕೆಲಸ ಯಾವಾಗೂ ಖಾಲೀನ ಇರತೈತಿ. ನನಗ ಕೊಡತೀರೇನ್ರಿ?"

ಅವ ನಗಲಿಲ್ಲ. ಹೊರಗ ಸರದಿಗೆ ನಿಂತಾವ್ರು ನಕ್ಕರು. ಮುಂದ ಸ್ವಲ್ಪ ದಿನಕ್ಕ ಅವ ವರ್ಗಾ ಆಗಿ ಹೋದ. ಅಮ್ಮಿ ಮಾತಿಗೆ ಹೆದರಿ ಅಲ್ಲ ಮತ್ತ. ಎಲ್ಲಾರೂ ಹೋಗತಾರ. ನಮ್ಮೂರು ನವಲಗುಂದದಿಂದ ಬಸ್ಸಿಗೆ ಬರೂವಷ್ಟು ದೂರ ಐತಿ, ಬಂದವರು ಅದ ಬಸ್ಸಿಗೆ ಹೊಳ್ಳಿ ಹೋಗೂವಷ್ಟು ಹತ್ರಾನೂ ಐತಿ.

ಅಮ್ಮಿ ಮಾತಂದ್ರ ಓಣಿಗೆಲ್ಲಾ ಅಂಜಿಕಿ. ಮಗ್ಗದ ಮುಂದ ಆಕಿ ಬಾಜೂಕ ಗೌಸಬಿ ಖಾಲಾ ಕುಂದರತಾಳ. ಖಾಲಾ ಅಂದ್ರ ಚಿಗವ್ವ, ಆದ್ರ ಸ್ವಂತ ಅಲ್ಲ, ಬಾಜೂಮನಿಯಾಕಿ. ಒಂದ ಮಗ್ಗಕ್ಕ ಇಬ್ಬರು ಬೇಕು. ಅಮ್ಮಿ ಬಣ್ಣ ಕೂಗಬೇಕು, "ಕೆಂಪ ಹಾಕ, ಹಳದಿ ದಾಟ್ಸ, ನವಿಲಿನ ಕುತಿಗಿ ಬಂತು ನೋಡ, ಹಗೂರ," ಅಂತ, ಗೌಸಬಿ ಖಾಲಾ ಆ ಕಡಿಂದ ಹಾಕಿಕೊಂತ ಬರಬೇಕು. ನಡುವ ನಡುವ ಅಮ್ಮಿ ಯಾರದರೆ ಸುದ್ದಿ ತಗದು ಚೇಷ್ಟಿ ಮಾಡಾಕಿ. ಮೊದಲ ದಮ್ಮು ಥಂಡ್ಯಾಗಷ್ಟ ಬರತಿತ್ತು. ಆಮ್ಯಾಲ ಹತ್ತಿ ಸುಗ್ಗ್ಯಾಗ ಬಂತು. ಆಮ್ಯಾಲ ನೀರಿನ ಕೊಡಾ ಎತ್ತಿದ್ರ ಬಂತು. ಈಗ ನಕ್ಕರೂ ಬರತೈತಿ. ಚೇಷ್ಟಿ ಅರ್ಧಾಕ್ಕ ನಿಂತಬಿಡತೈತಿ. ಅಮ್ಮಿ ಬಾಯಿ ತಗದು, ಕೊರಳಿನ ನರಾ ಉಬ್ಬಿಸಿ, ಎರಡೂ ಕೈ ಮೊಣಕಾಲ ಮ್ಯಾಲ ಊರಿ ಗಾಳಿ ಹುಡಕತಾಳ. ಗಾಳಿ ಏನ ರೇಶನ್ ಅಂಗಡ್ಯಾಗ ಸಿಗೂದಲ್ಲ, ಸುತ್ತಲೂ ತುಂಬೇತಿ. ಆದ್ರೂ ಆಕಿಗೆ ಸಿಗಂಗಿಲ್ಲ.

"ಪೂರಾ ಹೇಳ ಲೇ," ಅಂತಾಳ ಗೌಸಬಿ ಖಾಲಾ. "ಅರ್ಧಾಕ್ಕ ಬಿಟ್ಟ್ರ ನಾ ಎಲ್ಲೆ ನಗಬೇಕು?"

ಇನ್ನ ಇಲಾಜಿನ ಸುದ್ದಿ ಕೇಳ್ರಿ. ಒಬ್ಬ ಡಾಕ್ಟರು ಬಾಯಾಗ ಇಟಗೊಂಡು ಔಷಧಿ ಜಗ್ಗೂ ಪಂಪ್ ತಗೋರಿ ಅಂದ. ಅವ ಹೋದ. ಮುಂದ ಬಂದಾಂವ "ಪಂಪ್ ಯಾಕ್ ಹಿಡದ್ರಿ, ಚಟಾ ಆಗತೈತಿ, ಗುಳಗಿ ತಗೋರಿ," ಅಂದ. ಅವನೂ ಹೋದ. ಮೂರನೇದಾಂವ ಮುಖಾ ನೋಡಲಾರದನ "ಟಿಬಿ ಇರಬೇಕು, ಕಫಾ ತರ್ರಿ," ಅಂದ. ಕಫಾ ಒಯ್ದು ಕೊಡೂದರಾಗ ಅವನ ಖುರ್ಚಿ ಮ್ಯಾಲ ಒಂದ ಬೆಕ್ಕು ಮಲಗಿತ್ತು. ಖರೇ ಹೇಳತೇನಿ, ಅಷ್ಟೂ ಮಂದ್ಯಾಗ ಆ ಬೆಕ್ಕ ಅಗದಿ ಖಾಯಂ. ಎಲ್ಲಾರ ಮುಂದೂ ಅಮ್ಮಿ ಮೊದಲಿಂದ ಕಥಿ ಹೇಳಬೇಕು. ಯಾವಾಗ ಚಾಲೂ ಆತು, ಎಷ್ಟ ಹೊತ್ತಿಗೆ ಬರತೈತಿ, ಸೀಟಿ ಹೊಡದಂಗ ಆಗತೈತೇನು. ಹೇಳಾಕ ಉಸಿರು ಬೇಕಲ್ಲ. ಕಥಿ ಮುಗಿಯೂದರಾಗ ಡಾಕ್ಟರು ಮುಂದಿನ ಪೇಶಂಟ್ ಕರದಿರತಿದ್ರು.

ಹುಬ್ಬಳ್ಳ್ಯಾಗ ಒಮ್ಮೆ ಒಬ್ಬ ಡಾಕ್ಟರ್ ಬಾಯಿ ಸಿಕ್ಕಿದ್ಲು. ಕೂಡಿಸಿಕೊಂಡು ತಿಳಿಸಿ ಹೇಳಿದ್ಲು. ಪಂಪ್ ಎರಡ ನಮೂನಿ ಇರತಾವ. ನೀಲಿದು ದಮ್ಮು ಬಂದಾಗ ಜಗ್ಗೂದು. ಚಾಕ್ಲೇಟ್ ಬಣ್ಣದ್ದು ದಿನಾ ಮುಂಜಾನಿ ಸಂಜಿ ಜಗ್ಗೂದು, ಚಲೋ ಇದ್ದಾಗೂ. "ಚಲೋ ಅದೀನಿ ಅಂತ ಬಿಟ್ಟರಿ ಅಂದ್ರ ಒಳಗಿನ ಬಾವು ಮತ್ತ ಏರತೈತಿ. ತಿಂಗಳಾ ತಿಂಗಳಾ ತೋರಸ್ರಿ, ಒಬ್ಬರ ಹತ್ರಾನ ತೋರಸ್ರಿ," ಅಂದ್ಲು. ಅಮ್ಮಿ ಆ ಚಾಕ್ಲೇಟ್ ಪಂಪ್ ಜಗ್ಗಿದ್ಲು ನೋಡ್ರಿ, ಚೇಷ್ಟಿ ಪೂರಾ ಆಗಾಕ ಹತ್ತಿದುವು. ಕೊಡಾ ಎತ್ತಿದ್ಲು. ಗೌಸಬಿ ಖಾಲಾ ಸಂಗಡ ಜಗಳಾನೂ ಆಡಿದ್ಲು, ನಡುವ ಎಲ್ಲೂ ನಿಲ್ಲದನ. ನಾನಂತೂ ಅಂಗಳಾಗ ಕುಣದೆ.

ಎರಡೂ ಪಂಪ್ ಮುಗದುವು. ದವಾಖಾನ್ಯಾಗ ಔಷಧಿ ಕೊಡೂ ಸುಭಾಸಣ್ಣನ ಕಿಟಕಿ ಮುಂದ ಹೋಗಿ ನಿಂತ್ವಿ.

"ನೀಲಿದೂ ಇಲ್ಲ, ಚಾಕ್ಲೇಟ್ ಬಣ್ಣದ್ದೂ ಸ್ಟಾಕ್ ಇಲ್ಲ."

"ಯಾವಾಗ ಬರತೈತಿ?"

"ಜಿಲ್ಲಾಕ್ಕ ಇಂಡೆಂಟ್ ಬರದು ಹಾಕೇವಿ."

ಇಂಡೆಂಟ್ ಅನ್ನೂ ದೇವರನ್ನ ನಾ ಇನ್ನೂ ಕಣ್ಣಲೆ ನೋಡಿಲ್ಲ. ಎಲ್ಲಾರೂ ಅವನ ಹೆಸರ ಹೇಳತಾರ, ಅವ ಬರಂಗಿಲ್ಲ. ಹೊರಗ ಕೊಂಡು ತರೂಣು ಅಂದ್ರ ಅಮ್ಮಿ ಇನ್ನೂ ಜಾಸ್ತಿ ನೇಯಬೇಕು. ಜಾಸ್ತಿ ನೇಯ್ದ್ರ ಜಾಸ್ತಿ ಧೂಳು, ಜಾಸ್ತಿ ಧೂಳಿಗೆ ಜಾಸ್ತಿ ಪಂಪು. ಹುಬ್ಬಳ್ಳಿಗೆ ಹೋಗೂಣು ಅಂದ್ರ ಬಸ್ಸಿನ್ಯಾಗ ನಿಂತು ಹೋಗಬೇಕು, ಒಮ್ಮೆ ಆ ಗದ್ಲದಾಗ ದಮ್ಮು ಬಂದು ಅಮ್ಮಿನ್ನ ಅರ್ಧಾ ದಾರ್ಯಾಗ ಇಳಿಸಿಕೊಂಡು ಗಿಡದ ಬುಡಕ ಕುಂದರಸೂ ಪಾಳಿ ಬಂತು. ಅಬ್ಬಾ, ಅಂದ್ರ ನಮ್ಮಪ್ಪ, ಅಣ್ಣಿಗೇರಿ ಕಡೆ ಹತ್ತಿ ಗಿರಣ್ಯಾಗ ಚೀಲಾ ಹೊರತಾನ, ವಾರಕ್ಕೊಮ್ಮೆ ಬರತಾನ, ಅವನೂ ಬೆಳ್ಳಗಾಗೇ ಬರತಾನ. ಹತ್ತಿಗೆ ನಮ್ಮ ಮನಿಯವರಂದ್ರ ಭಾಳ ಪ್ರೀತಿ.

ಹಿಂಗಿರಬೇಕಾರ ಒಂದ ದಿನಾ ಕಾಶಿನಾಥ ಸಾವ್ಕಾರ ನಮ್ಮ ಬಾಗಲಕ್ಕ ಬಂದ. ಊರಾಗ ದೊಡ್ಡ ಹೊಲಮನಿ ಆತಂದು, ದವಾಖಾನಿ ಕಮಿಟೀಗೆ ಅಧ್ಯಕ್ಷನೂ ಆತನ. ನಮ್ಮ ಓಣಿಗೆ ಬಂದಾಗ ಹೊಸ್ತಲದ ಹೊರಗ ನಿಂದರತಾನ. ನೀರು ಕೊಟ್ಟ್ರ "ಈಗರೆ ಕುಡದ್ ಬಂದೇನ್ರಿ," ಅಂತಾನ. ಯಾವಾಗ ಬಂದ್ರೂ ಈಗರೆ ಕುಡದಿರತಾನ. ಒಂಟಿ ಇದ್ದಂಗ ಇರಬೇಕು ಆತನ ಹೊಟ್ಟಿ.

"ಶಮೀಮಾಬಿ, ನಿಮ್ಮ ಕೈದೊಂದು ಜಮಖಾನಿ ಬೇಕಾಗೇತಿ. ದೊಡ್ಡದು. ನವಿಲು ಇರೂದು."

"ಮದಿವಿ ಐತೇನ್ರಿ ಮನ್ಯಾಗ?"

"ಮದಿವಿ ಅಲ್ಲವಾ. ವಿಶ್ವ ಅಸ್ತಮಾ ದಿನಾಚರಣಿ. ಮೇ ತಿಂಗಳಾಗ ಬರತೈತಿ. ಜಿಲ್ಲಾದಿಂದ ದೊಡ್ಡ ಡಾಕ್ಟರ್ ಬರತಾರ, ನಮ್ಮ ದವಾಖಾನ್ಯಾಗ ಹೊಸಾ ಅಸ್ತಮಾ ಖೋಲಿ ಉದ್ಘಾಟನಿ ಐತಿ. ಸ್ಟೇಜಿಗೆ ಬಾಡಿಗಿ ಕಾರ್ಪೆಟ್ ಹಾಸಿದ್ರ ಚಲೋ ಕಾಣಂಗಿಲ್ಲ. ನಮ್ಮ ನೆಲದ ಕಲಾ ಕಾಣಬೇಕು."

ಅಮ್ಮಿ ಆತನ ಮುಖಾನ ನೋಡಿದ್ಲು. ನಗು ಬಂತು. ನಗು ಕೆಮ್ಮಾತು, ಕೆಮ್ಮು ಸೀಟಿ ಆತು. ಗೌಸಬಿ ಖಾಲಾ ಬೆನ್ನ ತಿಕ್ಕಿದ್ಲು. ಸಾವ್ಕಾರ ಹೊಸ್ತಲದ ಹೊರಗ ಇನ್ನೊಂದ ಹೆಜ್ಜಿ ಹಿಂದ ಸರದ, ಹತ್ತತೈತಿ ಅಂತ.

"ದಮ್ಮಿನವರು ಧೂಳಾಗ ಕುಂದರಬಾರದು ಅಂತ ಭಾಷಣ ಮಾಡೂದಕ್ಕ," ಅಂದ್ಲು ಅಮ್ಮಿ, ಉಸಿರು ಕೂಡಿಸಿಕೊಂಡು, "ದಮ್ಮಿನಾಕಿ ಧೂಳಾಗ ಕುಂತು ಹಾಸಗಿ ಮಾಡಿಕೊಡಬೇಕು. ಹೌದಲ್ರಿ?"

"ಮಸ್ಕರಿ ಬ್ಯಾಡವಾ. ರೊಕ್ಕಾ ಕೊಡತೇವಿ. ಮತ್ತ ಸ್ಟೇಜ್ ಮ್ಯಾಲ ನಿಮ್ಮ ಕೈಯಾಗ ಪಂಪ್ ಕೊಡತಾರ. ಚಾಕ್ಲೇಟ್ ಬಣ್ಣದ್ದು, ಫುಕಟ್."

ಅಮ್ಮಿ ಗೌಸಬಿ ಖಾಲಾಗ ಕಣ್ಣ ಮಾಡಿದ್ಲು. ರೊಕ್ಕಕ್ಕಲ್ಲ, ಪಂಪಿಗೆ ಒಪ್ಪಿದ್ಲು. ನನ್ನ ಎದುರಿಗೇ ಕೇಳಿದ್ಲು, "ಮುಂದ ತಿಂಗಳಾ ತಿಂಗಳಾ ಸಿಗತೈತಲ್ರಿ? ನಮ್ಮ ಓಣ್ಯಾಗ ದಮ್ಮಿರೂ ಎಲ್ಲಾರಿಗೂ?"

"ಎಲ್ಲಾ ಆಗತೈತಿ ತಗೋರಿ."

ಈ 'ಆಗತೈತಿ ತಗೋರಿ' ಅನ್ನೂದು ಇಂಡೆಂಟಿನ ತಮ್ಮ ಅಂತ ನನಗ ಅವತ್ತ ತಿಳೀಲಿಲ್ಲ.

ನೇಯಾಕ ಚಾಲೂ ಮಾಡಿದ್ರು. ಏಪ್ರಿಲ್ ತಿಂಗಳ ಬಿಸಲು, ತಗಡಿನ ಮಾಳಗಿ. ಫ್ಯಾನ್ ಹಚ್ಚಿದ್ರ ಧೂಳು ಹಾರತೈತಿ, ಹಚ್ಚದಿದ್ರ ಬೇಯತೈತಿ. ಅಮ್ಮಿ ಬಾಯಿಗೆ ಓಢಣಿ ಕಟಿಗೊಂಡು ಪಂಜಾ ಬಡದ್ಲು. ಓಢಣಿ ಕಟಿಗೊಂಡ್ರ ಬಣ್ಣ ಕೂಗಾಕ ಬರಂಗಿಲ್ಲ. ಬಿಚ್ಚಿ ಕೂಗಿದ್ಲು. ಕೂಗೂದೂ ಕಮ್ಮಿ ಆತು. ಕಡೀಕ ಬಟ್ಟ ಮಾಡಿ ತೋರಸಾಕಿ, ಗೌಸಬಿ ಖಾಲಾ ತಿಳಕೊಂಡು ಹಾಕಾಕಿ. ನವಿಲಿನ ರೆಕ್ಕಿ ಮುಗಿದು ಬಾಲಾ ಅರ್ಧಾ ಆಗಿತ್ತು, ಅಮ್ಮಿ ಕೈಯಾಗಿನ ಪಂಜಾ ಜಾರಿ ಕಾಲ ಮ್ಯಾಲ ಬಿತ್ತು. ಕಾಲು ನೋಡಿಕೊಳ್ಳಲಿಲ್ಲ. ತುಟಿ ನೀಲಿ ಆಗಿದ್ದುವು. ಮಟಾಮಟಾ ಮಧ್ಯಾಹ್ನ.

ನಾನೂ ಗೌಸಬಿ ಖಾಲಾನೂ ಸಣ್ಣಪ್ಪನ ಟಂಟಂ ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ. ದವಾಖಾನಿ ಏನ ಮಿಂಚತಿತ್ತು ಅಂತೀರಿ! ಗ್ವಾಡಿಗೆ ಹೊಸಾ ಬಣ್ಣ. ಗ್ವಾಡಿ ಮ್ಯಾಲ ಒಂದ ಚಿತ್ರಾ, ನಗೂ ಮುಖದ ಎರಡ ಪುಪ್ಪುಸ. ಬಾಜೂಕ ಹೊಸಾ ಅಸ್ತಮಾ ಖೋಲಿ. ಒಳಗ ಟೇಬಲ್ ಮ್ಯಾಲ ಹೊಸಾ ಹೊಗಿ ಮಷಿನ್, ಔಷಧಿಯನ್ನ ಹೊಗಿ ಮಾಡಿ ಮೂಗಿಗೆ ಕೊಡೂದು, ನಮ್ಮ ಅಮ್ಮಿಗೆ ಆ ಗಳಿಗ್ಯಾಗ ಬೇಕಾದದ್ದು ಅದ. ಬಾಗಲಕ್ಕ ಅಡ್ಡ ಕೆಂಪ ರಿಬ್ಬನ್.

ದಾನೇಶ್ವರಿ ಸಿಸ್ಟರ್ ಓಡಿ ಬಂದ್ಲು. ಆಕಿ ಚಲೋ ಹೆಣಮಗಳು, ಆಕಿ ನೌಕರಿನೂ ಕಾಂಟ್ರ್ಯಾಕ್ಟ್, ಖಾಯಂ ಅಲ್ಲ. "ಒಳಗ ಕರಕೊಂಡ ಬರ್ರಿ," ಅಂದ್ಲು.

ಸುಭಾಸಣ್ಣ ಅಡ್ಡ ನಿಂತ. "ಸಿಸ್ಟರ್, ತಲಿ ಕೆಟ್ಟೈತೇನು? ರಿಬ್ಬನ್ ಕಟ್ಟೇತಿ. ಸಾಹೇಬ್ರು ಕತ್ತರಸೂ ತನಕ ಯಾರೂ ಒಳಗ ಹೋಗಂಗಿಲ್ಲ. ಸಾವ್ಕಾರು ಹೇಳ್ಯಾರ."

"ಹಳೇ ಮಷಿನ್?"

"ಹೊಸಾದ್ ಬಂತಲ್ಲ, ಅದನ್ನ ಹೊಳ್ಳಿ ಕಳಿಸೇವಿ."

"ಅಣ್ಣಾ," ಅಂದೆ ನಾ, "ಆಕಿ ಸಾಯಾಕತ್ತಾಳ."

"ನಾ ಏನ್ ಮಾಡ್ಲಿ ತಂಗಿ? ರಿಬ್ಬನ್ ಹರದ್ರ ನನ್ನ ನೌಕರಿ ಹರೀತೈತಿ."

ಸಿಸ್ಟರ್ ದವಾಖಾನಿಗೆ ಹೊಸದಾಗಿ ಬಂದಿದ್ದ ಡಾಕ್ಟರಿಗೆ ಫೋನ್ ಹಚ್ಚಿದ್ಲು. ಅವ ಎಲ್ಲಿದ್ದ ಅಂದ್ರ, ಅಸ್ತಮಾ ದಿನಾಚರಣಿ ತಯಾರಿ ಮೀಟಿಂಗಿನ್ಯಾಗ. ಫೋನ್ ಮ್ಯಾಲ ಇಂಜೆಕ್ಷನ್ ಹೇಳಿದ. ಸಿಸ್ಟರ್ ಹೊರಗ ಬೆಂಚಿನ ಮ್ಯಾಲ ಅಮ್ಮಿ ತೋಳು ಹಿಡದು ಸೂಜಿ ಹಾಕಿದ್ಲು. ಅಮ್ಮಿ ಬೆಂಚಿನ ಮ್ಯಾಲ ಬಗ್ಗಿ ಕುಂತು, ಜೊಲ್ಲು ಸುರಿಸಿಕೊಂತ, ರಿಬ್ಬನ್ ಆಚೆ ಇದ್ದ ಮಷಿನ್ ನೋಡಿದ್ಲು. ಸುಭಾಸಣ್ಣ ನಡುವ ಒಮ್ಮೆ ಬಂದು "ಬಣ್ಣ ಇನ್ನೂ ಹಸಿ ಐತಿ, ಗ್ವಾಡಿಗೆ ತಲಿ ಹಚ್ಚಬ್ಯಾಡ್ರಿ," ಅಂದ. ಭಾಳ ಹೊತ್ತಾದ ಮ್ಯಾಲ ಉಸಿರು ಹೊಳ್ಳಿ ಬಂತು. ಹೆಂಗೋ ಬಂತು.

ಮನಿಗೆ ಬಂದು ಎರಡ ದಿನಾ ಮಲಗಿದ್ಲು. ಮೂರನೇ ದಿನಾ ಎದ್ದು ಬಾಲಾ ಪೂರಾ ಮಾಡಾಕ ಕುಂತ್ಲು. "ಬಿಡ ಅಮ್ಮಿ," ಅಂತ ನಾ ಅತ್ತೆ.

"ಪಂಪ್ ಬರತೈತಲ್ಲ ಬೇಟಿ," ಅಂದ್ಲು. "ಪಂಪ್ ಬಂದ್ರ ನಿನಗ ಹೊಡ್ಯಾಕೂ ತಾಕತ್ತ ಬರತೈತಿ."

ದಿನಾಚರಣಿ ದಿನಾ ಮುಂಜಾನಿ ಸಾವ್ಕಾರ ಗಾಡಿ ತಗೊಂಡು ಬಂದ. ಜೋಡಿ ಸುಭಾಸಣ್ಣ. ಜಮಖಾನಿ ಪೂರಾ ಆಗಿತ್ತು, ಆದ್ರ ಮಗ್ಗದ ಮ್ಯಾಲ ಇತ್ತು. ನೂಲು ಕತ್ತರಿಸಿ ಇಳಿಸೂದಷ್ಟ ಬಾಕಿ.

ನಮ್ಮ ಓಣ್ಯಾಗ ಒಂದ ಪದ್ಧತಿ ಐತಿ. ಮಗ್ಗಕ್ಕ ಮೊದಲನೇ ನೂಲು ಯಾವ ಕೈ ಕಟ್ಟತೈತೋ, ಕಡೀಕ ಕತ್ತರಿ ಹಾಕೂದು ಅದ ಕೈ. ಹೊರಗಿನ ಮಂದಿ ಇರ್ಲಿ, ಮಗಳಿದ್ರೂ ಮುಟ್ಟಂಗಿಲ್ಲ. ಬ್ಯಾರೆ ಕೈ ಕತ್ತರಿ ಹಾಕೂದು ಒಂದ ಹೊತ್ತಿನ್ಯಾಗ, ನೇಯ್ದಾಕಿ ಸತ್ತಾಗ. ಸತ್ತಾಕಿ ಕೆಲಸ ಮಗ್ಗದ ಮ್ಯಾಲ ಉಳೀಬಾರದು ಅಂತ ಓಣಿಯವರು ಬಂದು ಇಳಿಸತಾರ.

ಅಮ್ಮಿ ಕತ್ತರಿ ತಗೊಂಡ್ಲು. ಆಮ್ಯಾಲ ಹಂಗ ಕೇಳಿದ್ಲು, "ಪಂಪ್ ತಂದೀರೇನ್ರಿ?"

"ಸ್ಟೇಜ್ ಮ್ಯಾಲ ಕೊಡತಾರವಾ. ದೊಡ್ಡ ಡಾಕ್ಟರ ಕೈಲೆ. ನೀವು ಹಿಡದು ಹಿಂಗ ಎತ್ತಿ ನಗಬೇಕು, ಫೋಟೋ ತಗೀತಾರ. ಫೋಟೋ ಆದ ಮ್ಯಾಲ ಹೊಳ್ಳಿ ಟ್ರೇದಾಗ ಇಡಬೇಕು ಮತ್ತ, ಮರೀಬ್ಯಾಡ್ರಿ. ನಾಳೆ ಅದ ಟ್ರೇ ಬ್ಯಾರೆ ಊರಿನ ಕಾರ್ಯಕ್ರಮಕ್ಕ ಹೋಗಬೇಕು."

ಅಮ್ಮಿ ಕತ್ತರಿ ಹಿಡದ ಕೈ ಕೆಳಗಿಳಿಸಿದ್ಲು.

"ನನಗ ಕೊಡತಾರೋ, ನನ್ನ ಕೈಯಾಗಿಟ್ಟು ಕಸಗೋತಾರೋ?"

"ಎರಡೂ ಒಂದ ಅಲ್ಲೇನವಾ? ಪೇಪರಿನ್ಯಾಗ ನಿಮ್ಮ ಫೋಟೋ ಬರತೈತಿ."

"ಫೋಟೋ ಜಗ್ಗಿದ್ರ ಉಸಿರು ಬರತೈತೇನ್ರಿ?"

ಸುಭಾಸಣ್ಣ ಮುಖಾ ಆ ಕಡೆ ತಿರುವಿದ. ಸಾವ್ಕಾರ ಘಡಿಯಾರ ನೋಡಿಕೊಂಡ. "ಹೊತ್ತಾಗೇತಿ ಶಮೀಮಾಬಿ. ಲಗೂನ ಇಳಸ್ರಿ."

"ನಾ ಕತ್ತರಿ ಹಾಕಂಗಿಲ್ಲ."

"ಏನ್?"

"ಹಾಕಂಗಿಲ್ಲ. ನಿಮ್ಮ ಪಂಪು ಹೊಳ್ಳಿ ಟ್ರೇಕ್ಕ ಹೋಗತೈತಿ, ನನ್ನ ಜಮಖಾನಿ ಹೊಳ್ಳಿ ಮಗ್ಗದ ಮ್ಯಾಲ ಇರತೈತಿ. ನೀವೂ ಬೇಕಾರ ಫೋಟೋ ತಕ್ಕೋರಿ." ಕತ್ತರಿ ನೆಲದ ಮ್ಯಾಲ ಇಟ್ಟ್ಲು.

ಸಾವ್ಕಾರ ಹೊಸ್ತಲಾ ದಾಟಿದ. ಹುಟ್ಟಿದಾಗಿಂದ ಮೊದಲನೇ ಸಲಾ ಆತ ನಮ್ಮ ಮನ್ಯಾಗ ಬಂದದ್ದು, ಅದೂ ಚಪ್ಪಲಿ ಹಾಕ್ಕೊಂಡು. ಅಮ್ಮಿ ಕುಂದರೂ ಹಲಗಿ ಮ್ಯಾಲ ಕಾಲಿಟ್ಟ. ಕತ್ತರಿ ಎತ್ತಿಕೊಂಡ.

ಗೌಸಬಿ ಖಾಲಾ ಚೀರಿದ್ಲು. "ಯಾ ಅಲ್ಲಾ! ಬ್ಯಾಡ್ರಿ ಸಾವ್ಕಾರ! ಆಕಿ ಇನ್ನೂ ಉಸಿರಾಡಾಕತ್ತಾಳ್ರಿ!"

"ಅದಕ್ಕ?"

"ಸತ್ತಾಕಿದಷ್ಟ ಬ್ಯಾರೆಯವರು ಕತ್ತರಿಸೂದ್ರಿ!"

"ಇಂಥಾ ಮೂಢನಂಬಿಕಿಯಿಂದನ ನೀವು ಹಿಂದುಳದೀರಿ ನೋಡ್ರಿ," ಅಂದ ಸಾವ್ಕಾರ. ರಿಬ್ಬನ್ನಿಗೆ ಮುಹೂರ್ತ ಇಟ್ಟಾಂವ ಹೇಳಿದ ಮಾತಿದು. ಕರಾ ಕರಾ ಕತ್ತರಿಸಿದ. ಜಮಖಾನಿ ಸುತ್ತಿ ಸುಭಾಸಣ್ಣನ ಹೆಗಲ ಮ್ಯಾಲ ಹೊರಿಸಿದ. ಹೋಗೂ ಮುಂದ ಹೇಳಿದ, "ಲಗೂನ ಬರ್ರಿ. ನಿಮ್ಮ ಓಣಿಯವರಿಗೆ ಹಿಂದ ನಿಂದರಾಕ ಜಾಗಾ ಇಟ್ಟೇವಿ."

ಮಗ್ಗ ಬೋಳಾಗಿ ನಿಂತಿತ್ತು. ಹರದ ನೂಲು ಜೋತಾಡತಿದ್ದುವು. ಗೌಸಬಿ ಖಾಲಾ ಅಳಾಕತ್ತಿದ್ಲು. ಓಣಿ ಹೆಂಗಸರು ಬಾಗಲದಾಗ ಬಂದು ಬಾಯಿ ಮ್ಯಾಲ ಕೈ ಇಟ್ಟರು. ನನಗ ಸಿಟ್ಟಿಗೆ ಏನರೆ ಒಗೀಬೇಕು ಅನಿಸ್ತು, ಮನ್ಯಾಗ ಒಗ್ಯೂವಂಥಾದ್ದು ಏನೂ ಇದ್ದಿಲ್ಲ.

ಅಮ್ಮಿ ಮಗ್ಗ ನೋಡಿದ್ಲು. ಆಮ್ಯಾಲ ಸೆರಗು ಸರಿ ಮಾಡಿಕೊಂಡು ಎದ್ದ್ಲು.

"ಅಳಬ್ಯಾಡ ಲೇ ಗೌಸಬಿ. ಆದದ್ದಾತು. ನಾ ಸತ್ತೆ. ಈಗ ಸರ್ಟಿಫಿಕೇಟ್ ಬೇಕಲ್ಲ? ಜೀವಂತ ಇದ್ದವರನ್ನಂತೂ ನೋಡಲಿಲ್ಲ, ಸತ್ತವರನ್ನ ನೋಡಾಕರೆ ಡಾಕ್ಟರ್ ಬರಬೇಕು. ನಡೀರಿ, ಹೋಗೂಣು."

ಹಿಂಗ ನಮ್ಮೂರಾಗ ಹೆಣಾ ತಾನ ನಡಕೊಂತ ಹೋತು. ಮುಂದ ಹೆಣಾ, ಹಿಂದ ನಾನು, ಗೌಸಬಿ ಖಾಲಾ, ಓಣಿ ಹೆಂಗಸರು, ಎಲ್ಲಾರೂ ತಲಿ ಮ್ಯಾಲ ಸೆರಗು. ಬಿಸಲು ಬಡದ ರಸ್ತಿ. ಹೆಣಾ ಕರೆಂಟಿನ ಕಂಬಕ್ಕೊಮ್ಮೆ ನಿಂತು ಕಂಬಾ ಹಿಡದು ಉಸಿರು ಎಳೀತಿತ್ತು.

"ಯಾರ ಹೋದ್ರವಾ?" ಅಂತ ಚಾದಂಗಡ್ಯಾಗಿಂದ ಯಾರೋ ಕೇಳಿದ್ರು.

"ನಾನರಿ," ಅಂದ್ಲು ಅಮ್ಮಿ. ಆತ ಕಪ್ ಕೆಳಗಿಟ್ಟು ನಮ್ಮ ಹಿಂದ ಬಂದ.

ದವಾಖಾನಿ ಮುಂದ ಶಾಮಿಯಾನ. ಸ್ಟೇಜ್ ಮ್ಯಾಲ ಅಮ್ಮಿ ನೇಯ್ದ ನವಿಲಿನ ಜಮಖಾನಿ ಹಾಸಿತ್ತು. ಅದರ ಮ್ಯಾಲ ಬಿಳೀ ಶರ್ಟಿನ ದೊಡ್ಡ ಡಾಕ್ಟರು ಮೈಕ್ ಹಿಡಕೊಂಡು ನಿಂತಿದ್ರು. "ದಮ್ಮು ಪೂರಾ ಹಿಡಿತದಾಗ ಇಡಬಹುದಾದ ಜಡ್ಡು. ನಿಯಮಿತ ಚಿಕಿತ್ಸಾ ಬೇಕು. ಅದೊಂದ ಬೇಕು," ಅನ್ನಾಕತ್ತಿದ್ರು. ಕೇಳಾಕ ಎಷ್ಟ ಚಲೋ ಇತ್ತು! ಬಾಜೂಕ ಟೇಬಲ್, ಟೇಬಲ್ ಮ್ಯಾಲ ಟ್ರೇ, ಟ್ರೇದಾಗ ಚಾಕ್ಲೇಟ್ ಬಣ್ಣದ ಪಂಪು ಸಾಲಾಗಿ.

ಅಮ್ಮಿ ಹಿಂದ ನಿಂದರಲಿಲ್ಲ. ನಡುವ ಹಾದು, ಮೆಟ್ಲಾ ಹತ್ತಿ, ದೊಡ್ಡ ಡಾಕ್ಟರ ಕಾಲ ಮುಂದ ನವಿಲಿನ ಮ್ಯಾಲ ಉದ್ದಕ ಮಲಗಿದ್ಲು.

ಸಾವ್ಕಾರ ಓಡಿ ಬಂದ. "ಏಯ್! ಏನಿದು! ಏಳು!"

ಗೌಸಬಿ ಖಾಲಾ ಕೆಳಗಿಂದನ ಕೂಗಿದ್ಲು, "ಆಕಿ ಸತ್ತಾಳ್ರಿ! ನೀವ ಆಕಿ ಜಮಖಾನಿ ಇಳಿಸೀರಿ ಮುಂಜಾನಿ! ಸರ್ಟಿಫಿಕೇಟ್ ಬರದು ಕೊಡ್ರಿ!"

ಮಂದಿ ನಕ್ಕರು. ಅಮ್ಮಿ ಮಾಡೂ ಚೇಷ್ಟಿ ಊರಿಗೆಲ್ಲಾ ಗೊತ್ತಿತ್ತಲ್ಲ. ನಾನೂ ಒಂದ ಗಳಿಗಿ ನಕ್ಕೆ. ಆಮ್ಯಾಲ ಅಮ್ಮಿ ಕುತಿಗಿ ನೋಡಿದೆ. ಕೊರಳ ಕೆಳಗಿನ ಕುಣಿ ಒಳಗ ಹೋಗಿತ್ತು. ಪಕ್ಕಡಿ ಎಲುಬು ಒಂದೊಂದೂ ಕಾಣಾಕತ್ತಿದ್ದುವು. ತುಟಿ ಮತ್ತ ಆ ನೀಲಿ ಬಣ್ಣಕ್ಕ ಬಂದಿದ್ದುವು. ಬಿಸಲಾಗ ನಡದು ಬಂದದ್ದು.

"ಸರ, ಖರೇನ ದಮ್ಮು ಬಂದೈತ್ರಿ!" ಅಂತ ನಾ ಚೀರಿದೆ.

ದೊಡ್ಡ ಡಾಕ್ಟರು ಬಗ್ಗಿದ್ರು. ಕೈಯಾಗಿನ ಮೈಕ್ ಇಡೂದು ಮರತಿದ್ರು. ಮೈಕ್ ಅಮ್ಮಿ ಎದಿ ಹತ್ರ ಹೋತು. ಆ ಸಪ್ಪಳಾ ಶಾಮಿಯಾನದ ಕಂಬಕ್ಕ ಕಟ್ಟಿದ್ದ ಹಾರ್ನಿನ್ಯಾಗ ಬಂತು. ಸುಂಯ್... ಸುಂಯ್... ಒಡಕ ಕೊಳಲಿನಂಗ. ಬಸ್ಸ್ಟ್ಯಾಂಡ್ ತನಕ ಕೇಳಸ್ತಂತ. ಮಂದಿ ನಗೂದು ನಿಂತಬಿಟ್ಟಿತು. ನಾ ದಿನಾ ಬಾಜೂಕ ಮಲಗಿ ಕೇಳೂ ಸಪ್ಪಳಾ ಅದು. ಊರು ಅವತ್ತ ಕೇಳಿತು.

"ಪಂಪ್ ಕೊಡ್ರಿ! ಟ್ರೇದಾಗಿಂದು ಕೊಡ್ರಿ ಆಕಿಗೆ!" ಸಾವ್ಕಾರ ಕೂಗಿದ.

ನಾ ಒಂದ ಪಂಪ್ ಕಸಗೊಂಡು ಅಮ್ಮಿ ಬಾಯಾಗಿಟ್ಟು ಒತ್ತಿದೆ. ಏನೂ ಬರಲಿಲ್ಲ. ಇನ್ನೊಂದು ತಗೊಂಡೆ. ಅದರಾಗೂ ಇಲ್ಲ. ಸುಭಾಸಣ್ಣ ನನ್ನ ಕೈ ಹಿಡದ. "ಬ್ಯಾಡ ತಂಗಿ. ಅವು ಡೆಮೋ ಪೀಸ್. ಖಾಲಿ ಅದಾವ. ತೋರಸಾಕಷ್ಟ."

ಮೈಕ್ ಚಾಲೂನ ಇತ್ತು. ಅದೂ ಬಸ್ಸ್ಟ್ಯಾಂಡ್ ತನಕ ಹೋತು.

ದಾನೇಶ್ವರಿ ಸಿಸ್ಟರ್ ಯಾರನ್ನೂ ಕೇಳಲಿಲ್ಲ. ಅಸ್ತಮಾ ಖೋಲಿ ಕಡೆ ಓಡಿದ್ಲು. ರಿಬ್ಬನ್ ಆಕಿ ಎದಿಗೆ ತಾಗಿ ಹರೀತು, ಓಟದಾಗ ಗೆದ್ದವರಿಗೆ ಹರದಂಗ. ಉದ್ಘಾಟನಿ ಆತು. ಯಾರೂ ಚಪ್ಪಾಳಿ ಹೊಡೀಲಿಲ್ಲ. ಮಷಿನ್ ಎತ್ತಿಕೊಂಡು ಬಂದು ಮೈಕಿನ ವೈರ್ ಕಿತ್ತು ಅದ ಬೋರ್ಡಿಗೆ ಹಚ್ಚಿದ್ಲು. ಹೊಗಿ ಬಂತು. ಅಮ್ಮಿ ನವಿಲಿನ ಮ್ಯಾಲ ಕುಂತು ಹೊಗಿ ಎಳದ್ಲು. ಸಾವ್ಕಾರ ಪೇಪರಿನವನ ಕ್ಯಾಮೆರಾಕ್ಕ ಅಂಗೈ ಅಡ್ಡ ಹಿಡದು ನಿಂತಿದ್ದ. ಮುಂಜಾನಿಂದ ಫೋಟೋ ಫೋಟೋ ಅಂದಾಂವ ಅವನ.

ಸ್ವಲ್ಪ ಹೊತ್ತಿಗೆ ತುಟಿ ಕೆಂಪಾದುವು. ದೊಡ್ಡ ಡಾಕ್ಟರು ನಾಡಿ ಹಿಡದು ನೋಡಿದ್ರು. "ಆರಾಮ ಆದ್ರಿ ಅಮ್ಮಾ. ಏಳ್ರಿ ಈಗ."

ಅಮ್ಮಿ ಏಳಲಿಲ್ಲ. ಹೊಳ್ಳಿ ಮಲಗಿದ್ಲು.

"ನಾಳೆ ಬರತೀರೇನ್ರಿ ನೀವು?"

"ನಾಳೆ ನನಗ ಬ್ಯಾರೆ ತಾಲೂಕಿನ್ಯಾಗ ಕಾರ್ಯಕ್ರಮ ಐತಿ."

"ಇವರು?" ಅಂತ ನಮ್ಮ ದವಾಖಾನಿ ಡಾಕ್ಟರ್ ಕಡೆ ಬಟ್ಟ ಮಾಡಿದ್ಲು. ಹೌದ್ರಿ, ಅವತ್ತ ಅವನೂ ಬಂದಿದ್ದ, ಹೊಸಾ ಶರ್ಟ್ ಹಾಕ್ಕೊಂಡು.

"ನನಗೆ ನಾಳೆಯಿಂದ ಬೇರೆ ಕಡೆ ಡೆಪ್ಯುಟೇಶನ್ ಇದೆ," ಅಂದ ಅವ, ನೆಲಾ ನೋಡಿಕೊಂತ.

"ಪಂಪು?"

ಎಲ್ಲಾರೂ ಸುಭಾಸಣ್ಣನ್ನ ನೋಡಿದ್ರು. ಪಾಪ, ಅವ ಬಾಯಿ ತಗದ. "ಇಂಡೆಂಟ್..." ಅಂದು ಅಲ್ಲಿಗೇ ನಿಂತ.

"ಹಂಗಾರ ನಾ ಇನ್ನೂ ಸತ್ತೇನಿ," ಅಂದ್ಲು ಅಮ್ಮಿ. ಸೆರಗು ಮುಖದ ಮ್ಯಾಲ ಎಳಕೊಂಡ್ಲು. "ದಿನಾ ಬರೂ ಡಾಕ್ಟರು ಬಂದ ಮ್ಯಾಲ ಎಬ್ಬಸ್ರಿ."

"ಪೊಲೀಸರನ್ನ ಕರಸ್ತೇನಿ!" ಅಂದ ಸಾವ್ಕಾರ.

"ಕರಸ್ರಿ," ಅಂದ್ಲು ಅಮ್ಮಿ ಸೆರಗಿನ ಒಳಗಿಂದ. "ಹೆಣಾ ಎತ್ತಾಕ ಮಂದಿ ಬೇಕಲ್ರಿ."

ಆಗ ಗೌಸಬಿ ಖಾಲಾ ಸ್ಟೇಜ್ ಹತ್ತಿದ್ಲು. ಅಮ್ಮಿನ್ನ ಎಬ್ಬಸಾಕ ಬಂದ್ಲು ಅಂತ ತಿಳದೆ. ಆಕಿ ಅಮ್ಮಿ ಬಾಜೂಕ ಕುಂತ್ಲು. ಎದಿ ಮ್ಯಾಲ ಕೈ ಇಟಗೊಂಡ್ಲು. ಮೆಟ್ಲಾ ಹತ್ತಿದ್ದಕ್ಕ ಆಕಿಗೂ ಸೀಟಿ ಹೊಡ್ಯಾಕತ್ತಿತ್ತು. ಮಗ್ಗದ ಮುಂದ ದಿನಾ ಅಮ್ಮಿ ಬೆನ್ನ ತಿಕ್ಕಾಕಿ ತನ್ನದು ಯಾರಿಗೂ ಹೇಳಿದ್ದಿಲ್ಲ. ಅಮ್ಮಿ ಸೆರಗು ಸರಿಸಿ ಆಕಿನ್ನ ನೋಡಿದ್ಲು.

"ಯಾವಾಗಿಂದ ಲೇ?"

"ಸರಿ ಆ ಕಡೆ," ಅಂದ್ಲು ಗೌಸಬಿ ಖಾಲಾ. "ನನಗೂ ಸಾಯಾಕ ಜಾಗಾ ಬಿಡು."

ಮಲಗಿದ್ಲು. ಹಿಂದ ನಿಂತಿದ್ದ ನಮ್ಮ ಓಣಿ ಹೆಂಗಸರು ಒಬ್ಬರ ಮುಖಾ ಒಬ್ಬರು ನೋಡಿದ್ರು. ಒಬ್ಬಾಕಿ ಕೆಮ್ಮಿಕೊ‌ಂತ ಮೆಟ್ಲಾ ಹತ್ತಿದ್ಲು. ಆಕಿನೂ ಮಲಗಿದ್ಲು, ಆಕಿ ಹಿಂದ ಮತ್ತೊಬ್ಬಾಕಿ. ಆಮ್ಯಾಲ ಚಾದಂಗಡಿಯಿಂದ ಬಂದಾತ ಟೊಪಗಿ ತಗದು ಕೈಯಾಗ ಹಿಡಕೊಂಡು ಬಂದ.

ಜಮಖಾನಿ ಸಾಲಲಿಲ್ಲ.